ಮಹಡಿ ಮೇಲಿನ ಕಟಕಟ

ಆ ದಿನದ ಅನಾಹುತಕ್ಕೆ ಕಾರಣ ಕೆಟ್ಟವರು ಯಾರೂ ಅಲ್ಲ. ಕೆಟ್ಟವರಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು. ಕಾರಣ ಅಧ್ಯಕ್ಷರ ಒಳ್ಳೆಯತನ. ಅದಕ್ಕೆ ಮದ್ದಿಲ್ಲ.

ಅಧ್ಯಕ್ಷರೆಂದರೆ ಆ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು. ಕೆಲಸದಿಂದ ನಿವೃತ್ತರಾದ ಮೇಲೆ ಪರೋಪಕಾರಕ್ಕೆ ಅವರಿಗೆ ದಿನವೆಲ್ಲ ಬಿಡುವು. ಬೆಳಗ್ಗೆ ಹಾಲು ತರಲು ಮೆಟ್ಟಿಲಿಳಿಯುವಾಗ ಮೇಲಿನ ಮಹಡಿಯ ಟೈಲರ್ ಅಣ್ಣನ ಮನೆಯಿಂದ ಹೊಲಿಗೆ ಮಿಷನ್ನಿನ ಕಟಕಟ ಸದ್ದು ಅವರ ಕಿವಿಗೆ ಬಿತ್ತು. ಆ ಮನೆಯ ನೇರ ಕೆಳಗೇ ಬಾಣಂತಿಯ ಮನೆ. ಅಧ್ಯಕ್ಷರು ಹಾಲಿನ ಪಾತ್ರೆ ಹಿಡಿದುಕೊಂಡೇ ವಾಪಸು ಮೆಟ್ಟಿಲು ಹತ್ತಿದರು.

"ಏನಯ್ಯಾ, ನಿನಗೆ ಮನುಷ್ಯತ್ವ ಅನ್ನೋದಿದೆಯಾ? ಕೆಳಗೆ ಹಸುಗೂಸು ಮಲಗಿದೆ. ಅದರ ತಾಯಿ ಯಾರು ಗೊತ್ತಲ್ಲ? ಲೈಬ್ರರಿಯಲ್ಲಿ ಕೆಲಸ ಮಾಡೋಳು. ಯಾರಾದ್ರೂ ಪುಟ ತಿರುವಿದ್ರೂ 'ಶ್' ಅನ್ನೋ ಹೆಣ್ಣುಮಗಳು. ಅಂಥವಳ ತಲೆ ಮೇಲೆ ನೀನು ಬೆಳಗಿಂದ ಸಂಜೆವರೆಗೂ ಗಾಣ ತಿರುಗಿಸ್ತಿದೀಯಲ್ಲಯ್ಯ!"

ಟೈಲರ್ ಅಣ್ಣನ ಮನಸ್ಸು ಬೆಣ್ಣೆ. ಬಿಸಿ ಮುಟ್ಟಿಸಿದರೆ ಸಾಕು, ಕರಗಿ ಹರಿಯುತ್ತಿತ್ತು. ಹಾವು ತುಳಿದವನಂತೆ ಅವನು ಪೆಡಲಿನಿಂದ ಕಾಲು ತೆಗೆದ.

"ತಪ್ಪಾಯ್ತು ಸ್ವಾಮಿ. ನನಗೆ ಹೊಳೀಲೇ ಇಲ್ಲ. ಮಗು ಸ್ವಲ್ಪ ದೊಡ್ಡದಾಗೋವರೆಗೆ ಮಿಷನ್ ತುಳಿಯಲ್ಲ. ಗುಂಡಿ ಹಚ್ಕೊಂಡು, ಕೈಹೊಲಿಗೆ ಹಾಕ್ಕೊಂಡು ಇರ್ತೀನಿ."

"ಮಾತು ಕೊಟ್ಟಿದೀಯ, ನೆನಪಿರಲಿ," ಎಂದು ಅಧ್ಯಕ್ಷರು ಒಂದು ಪುಣ್ಯ ಕಟ್ಟಿಕೊಂಡ ಸಮಾಧಾನದಲ್ಲಿ ಹಾಲಿಗೆ ಹೋದರು.

ಮಿಷನ್ನು ನಿಂತಿತು. ಕೆಳಗಿನ ಮನೆಯ ತೊಟ್ಟಿಲಲ್ಲಿ ಮಗು ಕಣ್ಣು ಬಿಟ್ಟಿತು. ಒಂದು ಗಳಿಗೆ ಸೂರನ್ನೇ ನೋಡಿತು. ಆಮೇಲೆ ಬಾಯಿ ಬಿಟ್ಟಿತು.

ಕಟ್ಟಡದವರೆಲ್ಲ ಲೈಬ್ರರಿ ಅಕ್ಕ ಎಂದು ಕರೆಯುವ ಆ ಮಗುವಿನ ತಾಯಿ ಆಗಷ್ಟೇ ದಿಂಬಿಗೆ ತಲೆಯಿಟ್ಟಿದ್ದಳು. ಮಗು ಹುಟ್ಟಿ ಮೂರು ವಾರವಾಗಿತ್ತು. ರಾತ್ರಿಯೆಲ್ಲ ಮಗು ಅಳುತ್ತಿತ್ತು, ಹಗಲೆಲ್ಲ ಮಗುವನ್ನು ನೋಡಲು ಬಂದವರು ಮಾತಾಡುತ್ತಿದ್ದರು. ಈ ಎರಡರ ನಡುವೆ ಅವಳ ನಿದ್ದೆ ಎಲ್ಲಿ ಹೋಯಿತೋ ದೇವರೇ ಬಲ್ಲ. ಹಿಂದಿನ ದಿನ ಮಗುವಿನ ಕಾಲುಚೀಲವನ್ನು ಫ್ರಿಜ್ಜಿನಲ್ಲಿಟ್ಟು, ಹಾಲಿನ ಪಾತ್ರೆಯನ್ನು ಬಟ್ಟೆಯ ಬೀರುವಿನಲ್ಲಿಟ್ಟಿದ್ದಳು. ಆ ಬೆಳಗ್ಗೆ, ರಾತ್ರಿ ಪಾಳಿ ಮುಗಿಸಿ ಬಂದು ಬಾಗಿಲು ತಟ್ಟಿದ ಗಂಡನನ್ನು ಮೇಲಿಂದ ಕೆಳಗೆ ನೋಡಿ, "ಯಾರು ಬೇಕಿತ್ತು?" ಎಂದು ಕೇಳಿದ್ದಳು. ಅದನ್ನು ಕೇಳಿದ ಮೇಲೇ ಅತ್ತೆಗೆ ಗಾಬರಿಯಾದದ್ದು. "ಇವತ್ತು ಯಾರು ಬಂದ್ರೂ ನಾನು ಬಾಗಿಲು ತೆಗೆಯಲ್ಲ. ಮಗೂನ ನಾನು ನೋಡ್ಕೋತೀನಿ. ನೀನು ಹೊದ್ದು ಮಲಗು," ಎಂದು ಚಿಲಕ ಹಾಕಿದ್ದರು. ಅವಳು ಆಸೆಯಿಂದ ಹೊದಿಕೆ ಎಳೆದುಕೊಂಡಿದ್ದಳು. ಅಷ್ಟರಲ್ಲಿ ಈ ಅಳು.

ಎಂಥ ಅಳು! ಹಾಲು ಕೊಟ್ಟರೂ ಅಳು, ಬಟ್ಟೆ ಬದಲಿಸಿದರೂ ಅಳು, ಎತ್ತಿಕೊಂಡರೆ ಇನ್ನೂ ಹತ್ತಿರದಿಂದ ಅಳು. ಅತ್ತೆ ತೊಟ್ಟಿಲು ತೂಗಿದರು, ಗಿಲಕಿ ಆಡಿಸಿದರು, ತಮಗೆ ಗೊತ್ತಿದ್ದ ಹಾಡನ್ನೆಲ್ಲ ಹಾಡಿದರು. ಅವರ ಹಾಡಿಗೆ ಒಳಗೆ ಮಲಗಿದ್ದ ಗಂಡನೂ ಎದ್ದು ಬಂದ. ಅವನು ರಾತ್ರಿ ಬಸ್ಸಿನ ಡ್ರೈವರ್. "ಏನಾಯ್ತು? ಎಲ್ಲಿ ನಿಂತಿದೀವಿ?" ಎಂದು ಕೇಳಿದ.

ಚಿಲಕ ಹಾಕಿದ ಬಾಗಿಲನ್ನು ಎದುರುಮನೆಯ ಸಿಸ್ಟರ್ ದಬದಬ ಬಡಿದು ತೆಗೆಸಿದರು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ರೋಗಿಗಳಿಲ್ಲದೆ ಬೇಜಾರಾಗಿದ್ದರು.

"ಗ್ಯಾಸು! ಹೊಟ್ಟೆ ತುಂಬ ಗ್ಯಾಸು! ಮಗೂನ ಹೆಗಲ ಮೇಲೆ ಹಾಕ್ಕೊಂಡು ಬೆನ್ನು ತಟ್ಟು."

"ಗ್ಯಾಸೂ ಅಲ್ಲ, ಗೀಸೂ ಅಲ್ಲ. ಚಳಿ," ಎಂದರು ಅತ್ತೆ.

"ಚಳಿಯಾ? ಬೆವರ್ತಾ ಇದೆ ಕೂಸು. ಸೆಕೆ!"

ಅತ್ತೆ ಕಿಟಕಿ ಮುಚ್ಚಿದರು, ಸಿಸ್ಟರ್ ತೆಗೆದರು. ಅತ್ತೆ ಟೋಪಿ ಹಾಕಿದರು, ಸಿಸ್ಟರ್ ಬಿಚ್ಚಿದರು. ಟೋಪಿ ನಾಲ್ಕು ಸಲ ಹತ್ತಿಳಿಯಿತು. ಮಗುವಿಗೆ ಸಿಟ್ಟು ಬಂದು ಸ್ವರ ಇನ್ನೊಂದು ಮೆಟ್ಟಿಲು ಏರಿತು. ಲೈಬ್ರರಿ ಅಕ್ಕ ಅಭ್ಯಾಸಬಲದಿಂದ ತುಟಿಗೆ ಬೆರಳಿಟ್ಟು, "ಶ್! ದಯವಿಟ್ಟು ನಿಶ್ಶಬ್ದ," ಎಂದಳು. ಹುಟ್ಟಿದಾಗಿನಿಂದ ಲೈಬ್ರರಿಯ ಮೆಟ್ಟಿಲು ಹತ್ತದ ಮಗು ಅದಕ್ಕೆ ಬೆಲೆ ಕೊಡಲಿಲ್ಲ.

ಅಷ್ಟರಲ್ಲಿ ಮೇಲೆ ಕಟಕಟಕಟ ಎಂದು ಸ್ವಲ್ಪ ಹೊತ್ತು ಸದ್ದಾಯಿತು. ಯಾರೋ ಅಂಗಿಗೆಂದು ಬಂದು ಬಾಗಿಲಲ್ಲೇ ನಿಂತಿದ್ದರಿಂದ ಟೈಲರ್ ಅಣ್ಣ ಕಳ್ಳನ ಹಾಗೆ ಒಂದು ಕಾಲರ್ ಮಾತ್ರ ಹೊಲಿದು ಮುಗಿಸಿದ್ದ.

ಮಗು ಗಪ್‌ಚಿಪ್. ರೆಪ್ಪೆ ಕೂಡ ಇಳಿಯಿತು.

ಕಟಕಟ ನಿಂತಿತು. ಙಾ!

ಲೈಬ್ರರಿ ಅಕ್ಕ ನಿಧಾನವಾಗಿ ತಲೆಯೆತ್ತಿ ಸೂರು ನೋಡಿದಳು. "ಅತ್ತೆ, ಮಿಷನ್ನು! ಬೆಳಗ್ಗೆ ಮಿಷನ್ ಸದ್ದು ನಿಂತಾಗಿನಿಂದಲೇ ಇವನು ಅಳ್ತಿರೋದು. ಇವನು ಹಗಲು ನಿದ್ದೆ ಮಾಡ್ತಿದ್ದದ್ದೇ ಆ ಸದ್ದಿಗೆ!"

"ಬಾಣಂತಿ ಮೆಟ್ಟಿಲು ಹತ್ತಬೇಡ ಕಣೇ," ಎಂದು ಅತ್ತೆ ಕೂಗುವುದರೊಳಗೆ ಅವಳು ಮಗುವನ್ನು ಅವರ ಮಡಿಲಿಗೆ ಹಾಕಿ, ಮೇಲಿನ ಮಹಡಿಯಲ್ಲಿ ನಿಂತಿದ್ದಳು.

ಟೈಲರ್ ಅಣ್ಣ ಸೂಜಿಗೆ ದಾರ ಪೋಣಿಸುತ್ತಿದ್ದವನು ಅವಳನ್ನು ನೋಡಿ ಎದ್ದು ನಿಂತ. "ಅಕ್ಕಾ, ಕ್ಷಮಿಸಿಬಿಡಿ. ಒಂದೇ ಒಂದು ಕಾಲರ್ ಹೊಲಿದುಬಿಟ್ಟೆ. ಇನ್ನು ಸತ್ರೂ ಮುಟ್ಟಲ್ಲ."

"ಅಯ್ಯೋ, ಮುಟ್ಟಣ್ಣ! ಹೊಲಿ! ಅದಕ್ಕೇ ಬಂದಿರೋದು ನಾನು."

ಟೈಲರ್ ಅಣ್ಣನ ಕಣ್ಣು ಒದ್ದೆಯಾಯಿತು. "ಎಂಥ ದೊಡ್ಡ ಮನಸ್ಸಕ್ಕ ನಿಮ್ಮದು! ನನ್ನ ಹೊಟ್ಟೆಪಾಡು ನೆನೆಸ್ಕೊಂಡು, ಹಸಿ ಬಾಣಂತಿ ಮೆಟ್ಟಿಲು ಹತ್ತಿ ಬಂದಿದೀರ. ಬೇಡಕ್ಕ. ಸಂಕೋಚಕ್ಕೆ ಹೇಳ್ತಿದೀರ ಅಂತ ನನಗೆ ಗೊತ್ತಾಗಲ್ವಾ?"

"ಸಂಕೋಚ ಅಲ್ಲಣ್ಣ. ಮಗೂಗೆ ಈ ಸದ್ದು ಬೇಕು!"

"ನೋಡಿ ನೋಡಿ, ಮಗು ಹೆಸರೂ ಹೇಳ್ತಿದೀರ," ಎಂದು ಅವನು ಮೂಗೊರೆಸಿಕೊಂಡ. "ಅಧ್ಯಕ್ಷರಿಗೆ ಮಾತು ಕೊಟ್ಟಿದೀನಿ. ಅವರು ಹೂಂ ಅನ್ನದೆ ನಾನು ಪೆಡಲಿಗೆ ಕಾಲಿಡಲ್ಲ."

ಅವಳು ಅಧ್ಯಕ್ಷರ ಮನೆಗೆ ಹೋದಳು. ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ ನಕ್ಕರು. "ಅಮ್ಮಾ, ಟೈಲರ್ ಬಂದು ನಿನ್ನ ಹತ್ರ ಗೋಳಾಡಿರಬೇಕು. ನೀನು ಕನಿಕರಕ್ಕೆ ಒಪ್ಪಿಕೊಂಡಿದೀಯ. ಲೈಬ್ರರಿಯೋಳಿಗೆ ಸದ್ದು ಬೇಕಂತೆ! ಇದನ್ನ ಯಾರಾದ್ರೂ ನಂಬ್ತಾರಾ? ನೀನು ಹೆದರಬೇಡ, ನಾನಿದೀನಿ."

"ಅಂಕಲ್, ನಾನು ನಿದ್ದೆ ಮಾಡಬೇಕು!" ಎಂದು ಅವಳು ಕಿರುಚಿದಳು. ಲೈಬ್ರರಿಯಲ್ಲಿ ಅಷ್ಟು ವರ್ಷ ಅದುಮಿಟ್ಟ ದನಿಯೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು. ಅಧ್ಯಕ್ಷರು ಕುರ್ಚಿಯಿಂದ ಎದ್ದರು.

"ಸರಿ ಸರಿ, ಅಳಬೇಡ. ಪರೀಕ್ಷೆ ಮಾಡೇ ಬಿಡೋಣ. ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ."

ಪರೀಕ್ಷೆಗೆ ಇಡೀ ಕಟ್ಟಡ ಸೇರಿತು. ಮೇಲೆ ಟೈಲರ್ ಅಣ್ಣ, ಕೆಳಗೆ ತೊಟ್ಟಿಲ ಬಳಿ ಸಿಸ್ಟರ್, ನಡುವಿನ ಮೆಟ್ಟಿಲ ಮೇಲೆ ಟ್ರಾಫಿಕ್ ಪೊಲೀಸಿನ ಹಾಗೆ ಕೈ ಎತ್ತಿ ಅಧ್ಯಕ್ಷರು.

"ಓಡಿಸು!" ಕಟಕಟಕಟ.

"ಸುಮ್ಮನಾಯ್ತು!" ಎಂದು ಸಿಸ್ಟರ್ ಕೂಗಿದರು.

"ನಿಲ್ಲಿಸು!" ಙಾ!

"ಶುರುವಾಯ್ತು!"

ನೋಡಿದವರೆಲ್ಲ ಬೆರಗಾದರು. ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಅಧ್ಯಕ್ಷರು ಕಾಕತಾಳೀಯ ಇರಬಹುದು ಎಂದು ಇನ್ನೊಮ್ಮೆ ಮಾಡಿಸಿದರು. ಆಮೇಲೆ ತಡವಾಗಿ ಬಂದವರು ನೋಡಿಲ್ಲವೆಂದು ಮತ್ತೊಮ್ಮೆ. ಗಂಡನೂ ಮೆಟ್ಟಿಲಿಗೆ ಬಂದು, "ಗೇರ್ ಬದಲಾಯಿಸಿ ನೋಡಿ," ಎಂದ. ಮಗು ಮಲಗಿ ಎದ್ದು, ಮಲಗಿ ಎದ್ದು ಸುಸ್ತಾಯಿತು. ತಾಯಿ ಮಲಗದೆಯೇ ಸುಸ್ತಾದಳು.

"ಲೈಬ್ರರಿಯಮ್ಮ ಹೇಳಿದ್ದು ನಿಜ," ಎಂದು ಅಧ್ಯಕ್ಷರು ಕೊನೆಗೆ ತೀರ್ಪು ಕೊಟ್ಟರು. "ಟೈಲರ್, ಇವತ್ತಿಂದ ನೀನು ನಿಲ್ಲಿಸಿದ್ರೆ ನಾನು ಸುಮ್ಮನಿರಲ್ಲ."

"ಹೊಲಿಯೋಕೆ ಬಟ್ಟೆ ಬೇಕಲ್ಲ ಸ್ವಾಮಿ. ಬೆಳಗ್ಗೆ ಮಿಷನ್ ನಿಲ್ಲಿಸಿದ ಮೇಲೆ ಬಂದ ಗಿರಾಕಿಗಳನ್ನೆಲ್ಲ ವಾಪಸು ಕಳಿಸಿದೀನಿ."

ಬಟ್ಟೆಗೇನು ಬರ? ಆ ಮಗುವಿನ ದೆಸೆಯಿಂದ ಕಟ್ಟಡದಲ್ಲಿ ಒಬ್ಬರಿಗೂ ರಾತ್ರಿ ನೆಟ್ಟಗೆ ನಿದ್ದೆಯಿರಲಿಲ್ಲ. ಮಗು ಮಲಗುತ್ತದೆಂದರೆ ಉಟ್ಟದ್ದನ್ನೂ ಬಿಚ್ಚಿಕೊಡುವ ಸ್ಥಿತಿ ಅವರದು. ಹರಿದ ಹೊದಿಕೆ, ದಿಂಬಿನ ಚೀಲ, ಕಿಟಕಿಯ ಪರದೆ, ಅಧ್ಯಕ್ಷರ ಸೊಂಟ ಬಿಗಿಯಾದ ಪ್ಯಾಂಟು, ಹೀಗೆ ಟೈಲರ್ ಅಣ್ಣನ ಮನೆಯಲ್ಲಿ ಬಟ್ಟೆಯ ಗುಡ್ಡವೇ ಎದ್ದಿತು. ಮಿಷನ್ನು ಓಡತೊಡಗಿತು. ಮಗು ಮುಷ್ಟಿ ಬಿಗಿ ಹಿಡಿದು ನಿದ್ದೆಹೋಯಿತು.

ಮಗು ಮಲಗಿದ್ದೇ ತಡ, ಇಡೀ ಕಟ್ಟಡ ಮಲಗಿತು. ಗಂಡ ಸೋಫಾದ ಮೇಲೆ ಬಿದ್ದುಕೊಂಡ. ಅತ್ತೆ ತೊಟ್ಟಿಲ ಪಕ್ಕ ಚಾಪೆ ಹಾಸಿ ಒರಗಿದರು. ಸಿಸ್ಟರ್ ತಮ್ಮ ಮನೆಗೆ ಹೋಗುವಷ್ಟೂ ತ್ರಾಣವಿಲ್ಲದೆ ಇವರ ಕುರ್ಚಿಯಲ್ಲೇ ಬಾಯಿ ತೆರೆದು ಗೊರಕೆ ಹೊಡೆದರು. ಲೈಬ್ರರಿ ಅಕ್ಕ ಹಾಸಿಗೆಗೆ ಬಂದಳು, ಹೊದಿಕೆ ಎಳೆದುಕೊಂಡಳು, ಅಬ್ಬಾ ಎಂದಳು. ಮೈಯೆಲ್ಲ ಹತ್ತಿಯಾಯಿತು. ಕಣ್ಣು ಮುಚ್ಚಿದಳು.

ಕಟಕಟ ನಿಂತಿತು.

ಅವಳು ಒಂದು ಗಳಿಗೆ ಉಸಿರು ಹಿಡಿದು ಕಾದಳು. ದಾರ ಬದಲಿಸುತ್ತಿರಬೇಕು. ಮತ್ತೆ ಶುರುವಾಗಲಿಲ್ಲ. ತೊಟ್ಟಿಲಲ್ಲಿ ಮಗು ಕುಂಯ್ ಎಂದಿತು. ಅದು ಙಾ ಎನ್ನುವುದರೊಳಗೆ ಅವಳು ಬರಿಗಾಲಲ್ಲಿ ಮೆಟ್ಟಿಲು ಹಾರಿಕೊಂಡು ಮೇಲೆ ಹೋದಳು.

ಟೈಲರ್ ಅಣ್ಣ ಮಿಷನ್ನಿನ ಮೇಲೆ ಕೆನ್ನೆಯಿಟ್ಟು ನಿದ್ದೆ ಮಾಡುತ್ತಿದ್ದ. ಪಾಪ, ರಾತ್ರಿಯೆಲ್ಲ ಮಗುವಿನ ಅಳು ಅವನಿಗೂ ಕೇಳಿಸುತ್ತಿತ್ತಲ್ಲ. ಅವಳು ಕರೆದಳು, ಅಲುಗಾಡಿಸಿದಳು, ಟೇಪಿನಿಂದ ಮೂಗಿಗೆ ಕಚಗುಳಿಯಿಟ್ಟಳು. "ಸೊಂಟ ಸ್ವಲ್ಪ ಸಡಿಲ ಬಿಡ್ತೀನಿ," ಎಂದು ಅವನು ಗೊಣಗಿ ಎದ್ದು, ಕಣ್ಣು ಬಿಡದೆಯೇ ನಾಲ್ಕು ಹೆಜ್ಜೆ ನಡೆದು, ಬಟ್ಟೆಯ ಗುಡ್ಡದ ಮೇಲೆ ಉರುಳಿಕೊಂಡ.

ಕೆಳಗಿನಿಂದ ಅಳು ಮೇಲೇರುತ್ತಿತ್ತು. ಲೈಬ್ರರಿ ಅಕ್ಕ ಸ್ಟೂಲಿನ ಮೇಲೆ ಕೂತಳು. ಮೊದಲ ತುಳಿತಕ್ಕೆ ಚಕ್ರ ಹಿಂದಕ್ಕೆ ತಿರುಗಿ ದಾರ ಹರಿಯಿತು. ಎರಡನೆಯದಕ್ಕೆ ಪೆಡಲು ಒದ್ದಿತು. ಮೂರನೆಯದಕ್ಕೆ ಕಟ, ಕಟ, ಕಟಕಟಕಟ! ಕೆಳಗೆ ಅಳು ನಿಂತಿತು.

ಅವಳಿಗೆ ಎಷ್ಟು ಹಗುರಾಯಿತೆಂದರೆ ಕಣ್ಣಲ್ಲಿ ನೀರೇ ಬಂತು. ಬಟ್ಟೆಯಿಲ್ಲದೆ ಬರಿದೇ ತುಳಿದರೆ ಸದ್ದು ತೆಳ್ಳಗಾಗಿ ಮಗು ಮುಲುಗುತ್ತಿತ್ತು. ಅದಕ್ಕೆ ಕೈಗೆ ಸಿಕ್ಕಿದ್ದನ್ನೆಲ್ಲ ಸೂಜಿಯ ಕೆಳಗೆ ತಳ್ಳಿದಳು. ದಾರವಿದೆಯೋ ಇಲ್ಲವೋ ನೋಡಲಿಲ್ಲ. ಒಂದೆರಡು ಸಲ ಕಾಲು ನಿಲ್ಲಿಸಿ ಕಿವಿಗೊಟ್ಟಳು. ಪ್ರತಿ ಸಲವೂ ಕೆಳಗಿನಿಂದ ಕುಂಯ್ ಎಂದು ಎಚ್ಚರಿಕೆ ಬಂತು. ಕಟ್ಟಡದ ಎಲ್ಲ ಬಾಗಿಲುಗಳ ಹಿಂದಿನಿಂದ ಬರುತ್ತಿದ್ದ ಬಗೆಬಗೆಯ ಗೊರಕೆ ಕೇಳುತ್ತ ಅವಳು ತುಳಿದಳು, ತುಳಿದಳು, ಕಿಟಕಿಯ ಬಿಸಿಲು ಗೋಡೆ ಹತ್ತಿ ಮಾಯವಾಗುವವರೆಗೂ ತುಳಿದಳು.

ಸಂಜೆ ಟೈಲರ್ ಅಣ್ಣ ಮೈಮುರಿದು ಎದ್ದ. "ಆಹಾ, ಏನು ನಿದ್ದೆ! ಮಿಷನ್ ಸದ್ದಿಗೆ ಇಷ್ಟು ಸುಖವಾಗಿ ನಿದ್ದೆ ಬರತ್ತೆ ಅಂತ ನನಗೆ ಗೊತ್ತೇ ಇರಲಿಲ್ಲಕ್ಕ. ಇಷ್ಟು ವರ್ಷ ನಾನೇ ಹೊಲೀತಿದ್ದೆನಲ್ಲ! ಎಲ್ಲಿ, ಏನು ಹೊಲಿದಿರಿ? ಅಯ್ಯಯ್ಯೋ, ಅಧ್ಯಕ್ಷರ ಪ್ಯಾಂಟಿನ ಎರಡು ಕಾಲೂ ಒಂದಾಗಿದೆಯಲ್ಲ! ಇರಲಿ ಬಿಡಿ, ಬಿಚ್ಚಿಕೊಳ್ತೀನಿ. ನೀವು ಹೋಗಿ ಮಲಗಿ."

ಮಲಗುವುದು! ಅವಳು ಗೋಡೆ ಹಿಡಿದುಕೊಂಡು ಕೆಳಗಿಳಿದಳು. ಮನೆಯಲ್ಲಿ ಎಲ್ಲರೂ ಆಗಷ್ಟೇ ಎದ್ದು, ಮುಖ ತೊಳೆದು ಫಳಫಳ ಹೊಳೆಯುತ್ತಿದ್ದರು. ಅಧ್ಯಕ್ಷರೂ ಬಂದಿದ್ದರು.

"ಬಾಮ್ಮ ಬಾ, ಟೈಲರಿಗೆ ಧನ್ಯವಾದ ಹೇಳೋಕೆ ಹೋಗಿದ್ದೆಯಾ? ಎಂಥ ಮನುಷ್ಯ! ಮಧ್ಯಾಹ್ನದಿಂದ ಕಾಲು ನಿಲ್ಲಿಸದೆ ತುಳಿದಿದಾನೆ. ನಾವೆಲ್ಲ ಸೇರಿ ಅವನಿಗೆ ಸನ್ಮಾನ ಮಾಡ್ಬೇಕು."

"ಅಂಕಲ್, ತುಳಿದದ್ದು ನಾನು."

ಹಿಂದೆಯೇ ಇಳಿದು ಬಂದ ಟೈಲರ್ ಅಣ್ಣನೂ ಕೈ ಮುಗಿದು, "ಹೌದು ಸ್ವಾಮಿ, ನಾನು ಮಲಗಿಬಿಟ್ಟಿದ್ದೆ. ಎಲ್ಲ ಅಕ್ಕಂದೇ," ಎಂದ.

"ನೋಡಿದ್ರಾ ಅವನ ವಿನಯ!" ಎಂದು ಅಧ್ಯಕ್ಷರು ಎಲ್ಲರ ಕಡೆ ತಿರುಗಿದರು. "ಕೀರ್ತಿ ಅವಳಿಗೆ ಕೊಡ್ತಾನೆ. ಅವಳೂ ಜೊತೆಗೆ ಸೇರಿ ತಮಾಷೆ ಮಾಡ್ತಾಳೆ. ಹಸಿ ಬಾಣಂತಿ ಮಿಷನ್ ತುಳಿಯೋದಂತೆ!" ಎಲ್ಲರೂ ಹೊಟ್ಟೆ ತುಂಬ ನಕ್ಕರು. ಗಂಡ ನಗುತ್ತಲೇ ಯೂನಿಫಾರ್ಮ್ ತೊಟ್ಟು ರಾತ್ರಿ ಪಾಳಿಗೆ ಹೊರಟ.

ಅತ್ತೆ ಸೊಸೆಯ ಮುಖವನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖದಲ್ಲಿ ತೃಪ್ತಿಯೋ ತೃಪ್ತಿ. "ಅಬ್ಬಾ, ಈಗ ನನಗೆ ಜೀವ ಬಂತು. ಕಣ್ಣು ಹೇಗೆ ಊದಿದೆ ನೋಡು. ಭರ್ಜರಿ ನಿದ್ದೆ ಆಗಿದೆ ನಿನಗೆ. ತಗೋ, ಇವನನ್ನ ಇಟ್ಕೋ. ಹಗಲೆಲ್ಲ ಮಲಗಿದಾನೆ, ಇನ್ನು ಬೆಳಗಾಗೋವರೆಗೂ ಆಟವೇ."

ಮಡಿಲಿನಲ್ಲಿ ಮಗು ಗುಂಡುಕಣ್ಣು ಬಿಟ್ಟು, ಈಗೇನು ಮಾಡೋಣ ಎನ್ನುವ ಹಾಗೆ ಅವಳನ್ನೇ ನೋಡಿತು. ಅಷ್ಟು ಸುಖವಾಗಿದ್ದ ಆ ಮುಖ ಕಂಡು ಅವಳಿಗೂ ನಗು ಬಂತು. ಏನೇ ಇರಲಿ, ಅಳುತ್ತಿಲ್ಲವಲ್ಲ, ಅಷ್ಟು ಸಾಕು ಎಂದುಕೊಂಡು ಕುರ್ಚಿಗೆ ಒರಗಿದಳು. ಅವಳ ಬಲಗಾಲು ತನ್ನಷ್ಟಕ್ಕೆ ತಾನೇ ನೆಲವನ್ನು ತುಳಿಯುತ್ತಲೇ ಇತ್ತು.

"ಕೂತಲ್ಲಿ ಕಾಲು ಅಲ್ಲಾಡಿಸಬೇಡ ಕಣೇ," ಎಂದರು ಅತ್ತೆ. "ನಿದ್ದೆ ಜಾಸ್ತಿಯಾದ್ರೆ ಹೀಗೇ ಆಗೋದು."