ಅತ್ತೆಯ ಕುರಿ ಪಾಸು ಮಾಡಿದ ನೀರು

ನಾನು ನಿಂತಿದ್ದದ್ದು ಸೋದರತ್ತೆಯ ಮನೆಯ ಜಗಲಿಯ ಎರಡನೇ ಮೆಟ್ಟಿಲ ಮೇಲೆ. ಭಾನುವಾರ, ಬೆಳಗ್ಗೆ ಹತ್ತೂಕಾಲು. ಊರು ಪಾವಗಡದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ನೀವು ಸುಲಭಕ್ಕೆ ನಂಬುವುದಿಲ್ಲ. ನಮ್ಮ ಅತ್ತೆ ಇಡೀ ಲೋಕದಲ್ಲಿ ಪೂರ್ತಿಯಾಗಿ ನಂಬುತ್ತಿದ್ದುದು ಒಂದೇ ಜೀವವನ್ನು. ಅದು ಮಾವ ಅಲ್ಲ. ಒಂದು ಮುದಿ ಕುರಿ!

ಅತ್ತೆಯದು ಕುರಿ ಕಾಯುವ ಮನೆ. ಇದ್ದ ನಲವತ್ತು ಕುರಿಗಳಲ್ಲಿ ಆ ಕಪ್ಪು ಮೂತಿಯದಕ್ಕೆ ಮಾತ್ರ ನೀರಿನ ಖಾತೆ. ಹೊಸ ಕುಂಟೆಯಿರಲಿ, ಹೊಸ ತೊಟ್ಟಿಯಿರಲಿ, ಅದು ಮೂಸಿ ಕುಡಿದರೆ ಉಳಿದ ಕುರಿಗಳಿಗೂ ಅತ್ತೆಗೂ ಅಪ್ಪಣೆಯಾದಂತೆ. ತಲೆ ಒದರಿ ಹಿಂದೆ ಸರಿದರೆ ಮುಗಿಯಿತು, ಆ ನೀರಿನ ಕಡೆ ಯಾರೂ ತಿರುಗಿ ನೋಡುವಂತಿಲ್ಲ. ಒಮ್ಮೆ ಬೀಗರ ಮನೆಯಲ್ಲಿ ತಂಬಿಗೆ ನೀರು ಕೊಟ್ಟರೆ, "ಕುರಿ ಕರ್ಕೊಂಡ್ ಬಂದಿಲ್ಲ, ಬ್ಯಾಡ" ಎಂದು ಬಾಯೊಣಗಿಸಿಕೊಂಡೇ ಬಂದಳಂತೆ. ಇದು ಮಾವ ಹೇಳಿದ್ದು, ನಾನು ಕಂಡದ್ದಲ್ಲ.

ಕಂಡದ್ದನ್ನು ಹೇಳುತ್ತೇನೆ. ನಾನಾಗ ಮಧುಗಿರಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಪ್ರಾಜೆಕ್ಟಿಗೆ ಮನೆಯಲ್ಲೇ ಮಾಡುವ ನೀರಿನ ಫಿಲ್ಟರ್ ಆರಿಸಿಕೊಂಡಿದ್ದೆ. ಅತ್ತೆಯ ಊರಿನ ಶುದ್ಧ ನೀರಿನ ಘಟಕ ಕೆಟ್ಟು ಮೂರು ತಿಂಗಳಾಗಿತ್ತು. ಅಲ್ಲಿನ ಬೋರ್ ನೀರಿನಲ್ಲಿ ಫ್ಲೋರೈಡ್. ಮಕ್ಕಳ ಹಲ್ಲಿನ ಕಂದು ಕಲೆ, ದೊಡ್ಡವರ ಬಗ್ಗದ ಮಂಡಿ ಅದರದೇ ಕೊಡುಗೆ. ಅನುಕೂಲವಿದ್ದವರು ಎಳೆ ಮಕ್ಕಳಿಗೆಂದು ಪಕ್ಕದೂರಿನಿಂದ ಕ್ಯಾನಿನಲ್ಲಿ ನೀರು ತರುತ್ತಿದ್ದರು. ಇಟ್ಟಿಗೆ ಚೂರು ಫ್ಲೋರೈಡನ್ನು ಹಿಡಿದುಕೊಳ್ಳುತ್ತದೆ ಎಂದು ಎಲ್ಲೋ ಓದಿದ್ದೆ. ಸಾಲದೇ?

ತಳ ಕತ್ತರಿಸಿದ ಇಪ್ಪತ್ತು ಲೀಟರ್ ಕ್ಯಾನನ್ನು ಬೋರಲು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಒಳಗೆ ಸಣ್ಣ ಜಲ್ಲಿ, ಇದ್ದಿಲು, ಇಟ್ಟಿಗೆ ಚೂರು, ಮರಳು ತುಂಬಬೇಕು. ತೆಂಗಿನ ಚಿಪ್ಪಿನ ಇದ್ದಿಲು ಬೇಕೆಂದಿದ್ದೆ. ಅತ್ತೆ ಒಲೆಯಿಂದಲೇ ಒಂದು ಮಂಕರಿ ತಂದು, ಬೂದಿ ಸಮೇತ ಸುರಿದಳು. ಮೊದಲ ಲೋಟ ನೀರು ಕಷಾಯದ ಬಣ್ಣದಲ್ಲಿ ಇಳಿಯಿತು. ಮಾವ ಇಣುಕಿ ನೋಡಿ, "ಬೆಲ್ಲ ಹಾಕ್ಬುಟ್ರೆ ಕಾಫಿ ಆಯ್ತದೆ ಕಣ್ಲಾ ಅಳಿಯ!" ಅಂದರು. ಅತ್ತೆಗೆ ಕೋಪ ಬಂದರೆ ಮಾತು ತೆಲುಗಿಗೆ ಹೊರಳುತ್ತಿತ್ತು. ಆಮೇಲೆ ಐದು ನಿಮಿಷ ಮಾವನಿಗೆ ಸಿಕ್ಕಿದ್ದು ಅಪ್ಪಟ ತೆಲುಗು.

ಬಟ್ಟೆಯ ಕಥೆ ಬೇರೆ. ನಾನು ಹಳೆಯ ಬಟ್ಟೆ ಕೇಳಿದ್ದೆ. "ಕುಡಿಯೋ ನೀರಿಗೆ ಹಳೇದು ಕಟ್ತಾರೇನ್ಲಾ?" ಎಂದು ಅತ್ತೆ ಬಿಳಿ ಬಟ್ಟೆಯೊಂದನ್ನು ಪರ್ರನೆ ಹರಿದು ಕೊಟ್ಟಳು. ಅರ್ಧ ಗಂಟೆಯ ಮೇಲೆ ಮಾವ ಮದುವೆಗೆ ಹೊರಟು ಪೆಟ್ಟಿಗೆ ತೆಗೆದಾಗ, ಅವರ ಹೊಸ ಪಂಚೆ ಮೊಣಕಾಲಿಗೆ ಬಂದು ನಿಂತಿತ್ತು!

ಮರಳನ್ನು ನಾನು ಮೂರು ಸಲ ತೊಳೆದೆ. ಅತ್ತೆ ಮತ್ತೆ ಒಂಬತ್ತು ಸಲ ತೊಳೆದಳು. ಶನಿವಾರ ಸಂಜೆ ಸಣ್ಣ ಧಾರೆಯಾಗಿ ಇಳಿದ ನೀರು ಗಾಜಿನಂತಿತ್ತು. ಆದರೆ ಫ್ಲೋರೈಡ್ ನೋಡುವ ಕಿಟ್ ಕಾಲೇಜಿನಲ್ಲಿ ಒಂದೇ. ನನ್ನ ಸರದಿ ಕೊನೆಯದು. ಗೆಳೆಯ ಅದನ್ನು ಭಾನುವಾರ ಬೆಳಗಿನ ಬಸ್ಸಿಗೆ ಕೊಟ್ಟು ಕಳಿಸುವವನಿದ್ದ. ನಾನೋ ಊರಿಗೆ ಬರುವ ಮೊದಲೇ ವರದಿಯನ್ನು ಟೈಪು ಮಾಡಿಸಿ, ಕೊನೆಯ ಪುಟದಲ್ಲಿ "ಪ್ರಯೋಗ ಯಶಸ್ವಿ" ಎಂದು ಹಾಕಿಸಿಬಿಟ್ಟಿದ್ದೆ. ಸೋಮವಾರ ಒಪ್ಪಿಸಬೇಕಿತ್ತಲ್ಲ!

ಅತ್ತೆಗೆ ಕಿಟ್ ಏತಕ್ಕೆ? ಬೋಗುಣಿಗೆ ನೀರು ಸುರಿದು ಕಪ್ಪು ಮೂತಿಯನ್ನು ಕರೆದಳು. ಅದು ಮೂಸಿತು, ಕಿವಿ ಆಡಿಸಿತು, ತಳ ಕಾಣುವವರೆಗೆ ಕುಡಿಯಿತು. "ಪಾಸು!" ಎಂದು ಅತ್ತೆ ಬೀದಿಗೆ ಕೇಳುವಂತೆ ಕೂಗಿದಳು.

ಭಾನುವಾರ ಹತ್ತು ಗಂಟೆಗೆ ಏಳು ಮನೆಯವರು ಆಗಲೇ ಒಂದೊಂದು ಬಿಂದಿಗೆ ಒಯ್ದಿದ್ದರು; ಇನ್ನಷ್ಟು ಜನ ಜಗಲಿಯ ಮುಂದೆ ನೆರೆದಿದ್ದರು. ಎದುರು ಮನೆಯ ಲಕ್ಷ್ಮಿದೇವಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದು, "ಅಣ್ಣಾ, ಮಗೀನ ಬಾಟ್ಲಿಗೂ ಇಡ್ಕಂಡೆ. ಇವತ್ತು ನಮ್ಮೋರು ಕ್ಯಾನ್ ತರಕ್ಕೆ ಹೋಗ್ಲೇ ಇಲ್ಲ. ನಿಮ್ಮತ್ತೆವ್ರು ಇನ್ಮೇಲೆ ಬ್ಯಾಡ ಅಂದ್ರು" ಅಂದಳು.

ಬಸ್ಸಿನಲ್ಲಿ ಬಂದ ಕಿಟ್ಟನ್ನು ನಾನಾಗ ಮೆಟ್ಟಿಲ ಮೇಲೆ ಬಿಚ್ಚಿದ್ದೆ. ಒಂದು ನಳಿಗೆಯಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಸೋಸಿದ್ದು. ಎರಡಕ್ಕೂ ಔಷಧದ ಹನಿ. ಗುಲಾಬಿಯಾಗಿ ಉಳಿದರೆ ಕ್ಷೇಮ. ಹಳದಿಯಾದರೆ ಫ್ಲೋರೈಡ್ ಹೆಚ್ಚು.

ಎರಡೂ ಹಳದಿಯಾದವು. ಮತ್ತೊಮ್ಮೆ ಮಾಡಿದೆ. ಎರಡೂ ಹಳದಿ.

ಆ ಬಣ್ಣದ ಅರ್ಥ ಆ ಬೀದಿಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನಾನು ನಳಿಗೆಗಳನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ. ಹೌದು, ಎಳೆದೆ. ಇದನ್ನು ಬಿಟ್ಟು ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ.

"ಏನ್ಲಾ ಅಳಿಯ, ಮುಖ ಯಾಕೆ ಇಂಗೆ ಬೆಳ್ಳಗಾಗೋತು?" ಅತ್ತೆ ಪಕ್ಕಕ್ಕೆ ಬಂದಿದ್ದಳು.

"ಏನಿಲ್ಲ ಅತ್ತೆ."

"ಏನಿಲ್ದೆ ಚೀಲಾನ ಅಂಗೆ ತಬ್ಕಂಡಿದೀಯಾ? ಬಿಚ್ಚು ಮಗಾ."

ಬಿಚ್ಚಿದೆ. "ಕೆಸರು ಹೋಗಿದೆ ಅತ್ತೆ, ಫ್ಲೋರೈಡ್ ಹೋಗಿಲ್ಲ" ಎಂದು ಮೆಲ್ಲಗೆ ಹೇಳಿದೆ.

"ಕುರಿ ಕುಡೀತಲ್ಲೋ?"

"ಅದಕ್ಕೆ ಇದು ಗೊತ್ತಾಗಲ್ಲ. ಇದಕ್ಕೆ ವಾಸನೆ ಇಲ್ಲ."

ತೆಲುಗಿಗಾಗಿ ಕಾದೆ. ಬರಲಿಲ್ಲ. ಅತ್ತೆ ನೇರ ಹೋಗಿ ಲಕ್ಷ್ಮಿದೇವಿಯ ಕೈಯಿಂದ ಬಾಟಲಿ ತೆಗೆದುಕೊಂಡು ಮಣ್ಣಿಗೆ ಸುರಿದಳು. "ಕೇಳ್ರಪ್ಪಾ. ಈ ಹುಡುಗ ಇದನ್ನ ಕಾಲೇಜ್ಗೆ ಅಂತ ಮಾಡಿದ್ದು. ಕುಡೀರಿ ಅಂತ ಕರೆದೋಳು ನಾನು. ತಪ್ಪು ನಂದು. ಎಲ್ಲಾ ಚೆಲ್ಬುಡಿ."

ಗುಂಪಿನಲ್ಲಿ ಯಾರೋ ನಕ್ಕರು. "ನಿನ್ನ ಕುರಿ ಫೇಲಾತೇನಕ್ಕಾ?"

"ಕುರಿ ಫೇಲು, ನಾನೂ ಫೇಲು. ನನ್ನಳಿಯ ಒಬ್ನೇ ಪಾಸು, ನಿಜ ಹೇಳ್ದ. ಚೆಲ್ಲು ಮೊದ್ಲು!"

ನಾನು ಜಿಪ್ ಎಳೆದದ್ದನ್ನು ಅವಳು ಕಂಡಿದ್ದಳು. ಕಂಡೇ ಹಾಗೆ ಹೇಳಿದಳು.

ಆಮೇಲೆ ಮಾವನ ಮೊಪೆಡ್ಡಿಗೆ ಎರಡು ಕ್ಯಾನ್ ಕಟ್ಟಿ ಅವರನ್ನು ಪಕ್ಕದೂರಿಗೆ ಓಡಿಸಿ, ಏಳು ಮನೆಗೂ ನಡೆದಳು. ನಾನು ಹಿಂದೆ. ಪ್ರತಿ ಬಾಗಿಲಲ್ಲೂ ಅದೇ ಮಾತು: "ತಪ್ಪು ನಂದು ಕಣಮ್ಮ, ಮಕ್ಳಿಗೆ ಕ್ಯಾನ್ ನೀರೇ ತನ್ನಿ." ನಾಲ್ಕನೇ ಮನೆಯಲ್ಲಿ ಅನ್ನಕ್ಕಿಟ್ಟ ಎಸರನ್ನೂ ಚೆಲ್ಲಿಸಿದಳು. ಏಳು ಬಾಗಿಲಲ್ಲಿ ಒಂದರಲ್ಲೂ ನನ್ನ ಹೆಸರು ಎತ್ತಲಿಲ್ಲ.

ಆ ಸಂಜೆಯೇ ಮಧುಗಿರಿಗೆ ಬಂದು, ಕೊನೆಯ ಪುಟ ಕಿತ್ತು, "ಕೆಸರು ಸೋಸುತ್ತದೆ, ಫ್ಲೋರೈಡ್ ತೆಗೆಯುವುದಿಲ್ಲ" ಎಂದು ಕೈಯಲ್ಲೇ ಬರೆದು ಸೇರಿಸಿದೆ. ಈಗ ಕೊರಟಗೆರೆ, ಶಿರಾ ಕಡೆಯ ಊರುಗಳಲ್ಲಿ ನೀರು ಪರೀಕ್ಷೆ ಮಾಡುವುದೇ ನನ್ನ ಕೆಲಸ. ಹನಿ ಹಾಕಿ, ಬಂದ ಬಣ್ಣವನ್ನೇ ಬರೆಯುತ್ತೇನೆ. ಅದು ಅತ್ತೆ ನನಗೆ ಕೊಟ್ಟದ್ದು; ಕೊಟ್ಟೆ ಎಂದು ಅವಳಿಗೆ ತಿಳಿದಿತ್ತೋ ಇಲ್ಲವೋ. ನಾನು ಬಾಯಿ ಬಿಟ್ಟು ಹೇಳುವ ಮೊದಲೇ, ಹೋದ ಮಾಗಿಯಲ್ಲಿ ತೀರಿಕೊಂಡಳು.

ಅವಳು ಬಾಟಲಿ ಸುರಿದದ್ದನ್ನು ಹತ್ತಿರದಿಂದ ಕಂಡವರಲ್ಲಿ ಮಾವ ಇದ್ದಾರೆ, ಲಕ್ಷ್ಮಿದೇವಿ ಇದ್ದಾಳೆ, ನಾನಿದ್ದೇನೆ. ಲಕ್ಷ್ಮಿದೇವಿಯ ಕಂಕುಳಲ್ಲಿದ್ದ ಮಗನೂ ಇದ್ದಾನೆ. ಈಗ ಒಂದನೇ ತರಗತಿ. ಅವನಿಗೇನೂ ನೆನಪಿಲ್ಲ, ಮೊನ್ನೆ ನನ್ನನ್ನು ನೋಡಿ ಬಾಯಿ ತುಂಬ ನಕ್ಕ. ಹೊಸ ಹಲ್ಲು ಎರಡು, ಬೆಳ್ಳಗಿದ್ದವು.