ಡೆಸ್ಕ್‌ಟಾಪ್ ಹಾಲ್‌ಗೆ ಬಂದ ಜಯಮ್ಮನವರು

ನನಗೆ ಬಹಳ ಬೇಗ ಬೆರಗಾಗಿಬಿಡುವ ಸ್ವಭಾವ. ಲಿಫ್ಟಿನ ಬಾಗಿಲು ತಾನಾಗಿ ತೆರೆದುಕೊಂಡರೂ ಒಂದು ಕ್ಷಣ ಕೃತಜ್ಞತೆಯಿಂದ ನೋಡುತ್ತೇನೆ. ದೊಮ್ಮಲೂರಿನ ಮೇಲೆ ವಿಮಾನ ತಗ್ಗಿ ಹಾರಿದರೆ ಸ್ಕೂಟರ್ ನಿಲ್ಲಿಸಿ ತಲೆ ಎತ್ತುವವನು ನಾನು. ಆಗ ಹಿಂದಿನ ಆಟೋದವರು ಹೇಳುವ ಮಾತನ್ನು ಇಲ್ಲಿ ಬರೆಯುವಂತಿಲ್ಲ. ನಮ್ಮ ಮದುವೆಯ ಫೋಟೋಗಳಲ್ಲೆಲ್ಲ ನಾನು ಬಾಯಿ ತೆರೆದುಕೊಂಡೇ ಇದ್ದೇನೆ. ಅದು ತನ್ನನ್ನು ನೋಡಿ ಅಂತ ನನ್ನ ಹೆಂಡತಿ ವಿಮಲ ಬಹಳ ದಿನ ನಂಬಿದ್ದಳಂತೆ. ನಾನು ನೋಡುತ್ತಿದ್ದದ್ದು ವೀಡಿಯೋದವನ ದೊಡ್ಡ ದೀಪವನ್ನು ಅಂತ ಗೊತ್ತಾಗಲು ಅವಳಿಗೆ ಒಂದು ಆಲ್ಬಮ್ ಪೂರ್ತಿ ಬೇಕಾಯಿತು.

ಇಂಥವನಿಗೆ ಸಿಕ್ಕಿದ್ದು ಪ್ರೋಗ್ರಾಂ ಬರೆಯುವ ಕೆಲಸ. ಇಂದಿರಾನಗರದಲ್ಲಿ ಒಂದು ಮನೆಯ ಮೊದಲ ಮಹಡಿಯೇ ನಮ್ಮ ಆಫೀಸು. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಮೇಜಿನ ಮೇಲಿನ ಕಂಪ್ಯೂಟರಿನೊಳಗೇ ಕೂತು, ಇಂಟರ್‌ನೆಟ್ಟಿನ ಹಂಗಿಲ್ಲದೆ ಓಡುವಂಥದ್ದು. ಡೆಸ್ಕ್‌ಟಾಪ್ ಅಂತ ಅದರ ಜಾತಿ. ಆದರೆ ಹೊಸ ಶತಮಾನ ಶುರುವಾಗಿತ್ತು, ಕಂಡವರೆಲ್ಲ ವೆಬ್ ವೆಬ್ ಅನ್ನುತ್ತಿದ್ದರು. ಒಂದು ದಿನ ನಮ್ಮ ಬಾಸ್ ಮುರಳೀಧರ್ ನನ್ನನ್ನು ಕರೆದು, "ಕಾನ್ಫರೆನ್ಸ್‌ನಲ್ಲಿ ನಮಗೆ ಒಂದು ಸೆಷನ್ ಸಿಕ್ಕಿದೆ. ನಲವತ್ತು ನಿಮಿಷ. ನೀವೇ ಮಾತಾಡ್ಬೇಕು" ಅಂದರು. ನಾನು ಬೆರಗಾದೆ. "ಜನ ಮೆಚ್ಚಿದ್ರೆ ಡೆಸ್ಕ್‌ಟಾಪ್ ಟೀಮ್ ಉಳಿಯತ್ತೆ. ಇಲ್ದಿದ್ರೆ ಮುಚ್ಚಿಬಿಡೋಣ ಅಂತ ಪಾರ್ಟ್‌ನರ್ ಹೇಳ್ತಿದ್ದಾರೆ" ಅಂದರು. ಬೆರಗು ಅಲ್ಲೇ ಬೆವರಾಯಿತು. ಟೀಮ್ ಅಂದರೆ ನಾನು ಮತ್ತು ಇನ್ನಿಬ್ಬರು. ಆ ಇಬ್ಬರೂ ಅವತ್ತಿನಿಂದ ನನಗೆ ಶುಂಠಿ ಕಷಾಯದ ಬಗ್ಗೆ, ಗಂಟಲು ಜೋಪಾನ ಮಾಡುವ ಬಗ್ಗೆ ಸಲಹೆ ಕೊಡತೊಡಗಿದರು.

ಕಂಟೋನ್ಮೆಂಟ್ ಕಡೆಯ ದೊಡ್ಡ ಹೋಟೆಲೊಂದರಲ್ಲಿ ಆ ಸಮ್ಮೇಳನ. ಮೂರು ಹಾಲ್‌ಗಳು. ದೊಡ್ಡ ದೊಡ್ಡ ಕಂಪನಿಗಳಿಗೆ ಸಾಫ್ಟ್‌ವೇರ್ ಕಟ್ಟುವ ಎಂಟರ್‌ಪ್ರೈಸ್‌ನವರಿಗೆ ಗಾಜಿನ ತೂಗುದೀಪಗಳಿದ್ದ ಹಾಲ್. ವೆಬ್‌ನವರಿಗೆ ಅದರ ಪಕ್ಕದ್ದು, ಅದರ ಬಾಗಿಲಲ್ಲೇ ಕಾಫಿ ಮೆಷಿನ್. ಡೆಸ್ಕ್‌ಟಾಪ್‌ನವರಿಗೆ ಕಾರಿಡಾರಿನ ಕೊನೆ, ಶೌಚಾಲಯದ ಎದುರು. ನನಗೆ ಅದರಿಂದೇನೂ ಬೇಸರವಾಗಲಿಲ್ಲ. ಕಾರ್ಪೆಟ್ಟಿನ ಮೇಲೆ ಕಾಲಿಟ್ಟಾಗ ಸದ್ದೇ ಬರಲಿಲ್ಲವಲ್ಲ ಅಂತ ಹಿಂತಿರುಗಿ ಮತ್ತೊಮ್ಮೆ ನಡೆದು ನೋಡುವುದರಲ್ಲೇ ಐದು ನಿಮಿಷ ಹೋಯಿತು.

ನನ್ನ ಸೆಷನ್ ಇದ್ದದ್ದು ಊಟದ ನಂತರ. ಬೆಳಿಗ್ಗೆ ಎಂಟರ್‌ಪ್ರೈಸ್ ಹಾಲ್‌ಗೆ ಹೋಗಿ ಕೂತೆ. ಕೋಟು ಹಾಕಿದ ಒಬ್ಬರು ತೆರೆಯ ಮೇಲೆ ಒಂದು ಡಬ್ಬಿ ಬರೆದರು, ಅದರಿಂದ ಬಾಣ, ಬಾಣದ ತುದಿಗೆ ಇನ್ನೊಂದು ಡಬ್ಬಿ. ಗಂಟೆ ಮುಗಿಯುವಷ್ಟರಲ್ಲಿ ತೆರೆಯ ತುಂಬ ಡಬ್ಬಿಗಳು. ಒಂದೂ ಅರ್ಥವಾಗಲಿಲ್ಲ, ಆದರೂ ಮೈ ಜುಂ ಅಂದಿತು. ಮನುಷ್ಯ ಇಷ್ಟೊಂದು ಡಬ್ಬಿಗಳನ್ನು ತಲೆಯಲ್ಲಿಟ್ಟುಕೊಂಡು ನಗುನಗುತ್ತಾ ಮಾತಾಡಬಲ್ಲ ಅನ್ನುವುದೇ ದೊಡ್ಡದಲ್ಲವೇ? ಆಮೇಲೆ ವೆಬ್ ಹಾಲ್. ಅಲ್ಲಿ ಟೀ ಶರ್ಟ್ ತೊಟ್ಟ ಯುವಕನೊಬ್ಬ ವೇದಿಕೆಯ ಉದ್ದಗಲಕ್ಕೂ ಓಡಾಡುತ್ತಾ, "ಡೆಸ್ಕ್‌ಟಾಪ್ ಕಥೆ ಮುಗೀತು! ಇನ್ನೈದು ವರ್ಷದಲ್ಲಿ ಹುಡುಕಿದ್ರೂ ಸಿಗಲ್ಲ" ಅಂದ. ಎಂಥ ದನಿ, ಎಂಥ ನಿಲುವು! ಸಭೆ ಚಪ್ಪಾಳೆ ತಟ್ಟಿತು. ನಾನೂ ಎದ್ದು ನಿಂತು ತಟ್ಟಿದೆ. ಕೂತ ಮೇಲಷ್ಟೇ ಹೊಳೆದದ್ದು, ಅವನು ಹೇಳಿದ್ದು ನನ್ನ ಅನ್ನದ ವಿಷಯ ಅಂತ.

ಊಟವಾದ ಮೇಲೆ ನಮ್ಮ ಹಾಲ್‌ನಲ್ಲಿ ಹದಿನೇಳು ಜನ ಇದ್ದರು. ಅವರಲ್ಲಿ ನಾಲ್ವರು ಆಗಲೇ ಕಣ್ಣು ಮುಚ್ಚಿದ್ದರು. ಮುಂದಿನ ಸಾಲಿನಲ್ಲಿ ಬೆಳಗಿನ ಡಬ್ಬಿಗಳ ಕೋಟಿನವರು, ಬಾಗಿಲ ಬಳಿ ಕೈಕಟ್ಟಿ ನಿಂತ ನಮ್ಮ ಬಾಸ್. ನಾನು ನಮಸ್ಕಾರ ಹೇಳಿ, ನಮ್ಮ ಸಾಫ್ಟ್‌ವೇರ್ ತೆರೆದು, "ಇದನ್ನ ಬಳಸೋದು ಎಷ್ಟು ಸುಲಭ ಅಂತ ತೋರಿಸ್ತೀನಿ" ಅಂದೆ. ಮೌಸ್ ಅಲ್ಲಾಡಿಸಿದೆ. ತೆರೆಯ ಮೇಲಿನ ಬಾಣ ಅಲ್ಲಾಡಲಿಲ್ಲ. ಮೌಸನ್ನು ಎತ್ತಿ ಕುಟ್ಟಿದೆ, ತಂತಿ ಎಳೆದೆ, ಊದಿದೆ. ಏನೂ ಇಲ್ಲ. ಆರು ವರ್ಷ ನಾನೇ ಬರೆದ ಸಾಫ್ಟ್‌ವೇರ್ ಅದು; ಮೌಸ್ ಇಲ್ಲದೆ ಅದರಲ್ಲಿ ಒಂದು ಹೆಜ್ಜೆ ಇಡುವುದು ಹೇಗೆ ಅಂತ ನನಗೇ ಗೊತ್ತಿರಲಿಲ್ಲ. ಬಾಸ್ ನೆಲ ನೋಡುತ್ತಿದ್ದರು.

"ಸಾರ್, ಎಫ್ ಸೆವೆನ್ ಒತ್ತಿ. ಆಮೇಲೆ ಎರಡು ಸಲ ಟ್ಯಾಬು" ಅಂತ ಕೊನೆಯ ಸಾಲಿನಿಂದ ಒಂದು ದನಿ ಬಂತು. ಕಾಟನ್ ಸೀರೆಯ, ಐವತ್ತರ ಆಸುಪಾಸಿನ ಹೆಂಗಸು, ಮಡಿಲಲ್ಲಿ ವೈರ್ ಬ್ಯಾಗು. ಒತ್ತಿದೆ. ಹೊಸ ರೋಗಿಯ ಪುಟ ತೆರೆಯಿತು! "ಈಗ ಆಲ್ಟ್ ಹಿಡ್ಕೊಂಡು ಎನ್ ಒತ್ತಿ. ಅಯ್ಯೋ, ಅದಲ್ಲ ಸಾರ್, ಅದರ ಪಕ್ಕದ್ದು." ನಾಲ್ಕು ಸಲ ಹೀಗಾದ ಮೇಲೆ ನಾನು ಕೈಮುಗಿದು, "ಅಮ್ಮಾ, ನೀವೇ ಬಂದ್ಬಿಡಿ" ಅಂದೆ.

ಅವರ ಹೆಸರು ಜಯಮ್ಮ. ಶಿವಾಜಿನಗರದ ಒಂದು ನರ್ಸಿಂಗ್ ಹೋಮ್‌ನ ಕೌಂಟರಿನಲ್ಲಿ ಐದು ವರ್ಷದಿಂದ ನಮ್ಮ ಸಾಫ್ಟ್‌ವೇರನ್ನೇ ಬಳಸುತ್ತಿದ್ದವರು. ಬಾಸ್ ಗಿರಾಕಿಗಳಿಗೆ ಅಂತ ಹಂಚಿದ್ದ ಪಾಸು ಡಾಕ್ಟರ ಕೈ ದಾಟಿ ಇವರಿಗೆ ಸಿಕ್ಕಿತ್ತು. ಇದನ್ನು ಮಾಡಿದವರ ಮುಖ ಒಮ್ಮೆ ನೋಡೋಣ ಅಂತ ಅರ್ಧ ದಿನ ರಜ ಹಾಕಿ ಬಂದಿದ್ದರು. ವೇದಿಕೆ ಹತ್ತಿ, ಕುರ್ಚಿ ಎಳೆದುಕೊಂಡು, ಸೆರಗು ಸಿಕ್ಕಿಸಿ, ಕೋಟಿನವರ ಕಡೆ ತಿರುಗಿ, "ಹೆಸರೇನು ಸಾರ್? ವಯಸ್ಸು?" ಅಂದರು. ಅವರು ಕೋಟು ಸರಿಮಾಡಿಕೊಂಡು, "ರಾಘವನ್. ಐವತ್ತೆಂಟು" ಅಂತ ಶಾಲೆಯ ಮಗುವಿನಂತೆ ಉತ್ತರ ಕೊಟ್ಟರು. "ಏನ್ ತೊಂದ್ರೆ?" "ಬೆನ್ನು ನೋವು ಮೇಡಂ." ಜಯಮ್ಮನವರು ಕೀಬೋರ್ಡ್ ನೋಡುತ್ತಲೇ ಇರಲಿಲ್ಲ. ಹತ್ತು ಬೆರಳೂ ಸೊಪ್ಪು ಬಿಡಿಸುವಷ್ಟು ಸಲೀಸಾಗಿ ಓಡುತ್ತಿದ್ದವು. ಸೇವ್ ಮಾಡಿದಾಗ ತೆರೆಯ ಮೇಲೆ ಮರಳು ಗಡಿಯಾರ ಬಂದು ನಿಂತಿತು. ನನ್ನ ಪ್ರೋಗ್ರಾಮಿನ ಹಳೇ ನಿಧಾನ ಅದು. ನಾನು ಸರಿಮಾಡದೆ ಬಿಟ್ಟದ್ದು. ನಾಚಿಕೆಯಿಂದ ತಲೆ ತಗ್ಗಿಸಿದೆ. ಜಯಮ್ಮನವರು ಮಾತ್ರ ಆರಾಮಾಗಿ, "ಇದು ಬಂದಾಗ ನಾನು ಪೇಷಂಟ್ ಹತ್ರ ಮಾತಾಡ್ತೀನಿ. ಎಷ್ಟು ದಿನದಿಂದ ಸಾರ್ ನೋವು? ಮನೇಲಿ ಯಾರಾದ್ರೂ ಇದ್ದಾರಾ ನೋಡ್ಕೊಳ್ಳೋಕೆ?" ಅಂದರು. ರಾಘವನ್ ಅವರು ಸೊಸೆಯ ವಿಷಯದವರೆಗೂ ಹೇಳಿಬಿಟ್ಟರು. ನಗು ಕೇಳಿ ವೆಬ್ ಹಾಲ್‌ನವರು ಕಾಫಿ ಲೋಟಗಳ ಸಮೇತ ಬಂದು ಗೋಡೆಗೆ ಒರಗಿ ನಿಂತರು. ಮಲಗಿದ್ದ ನಾಲ್ವರೂ ಎದ್ದಿದ್ದರು.

ಪುಟದ ಕೆಳಗೆ 'ಇತರೆ' ಅಂತ ಒಂದು ಖಾಲಿ ಚೌಕ ಇತ್ತು. ಜಯಮ್ಮನವರು ತೋರಿಸೋಣ ಅಂತ ಕೌಂಟರಿನಿಂದ ತಂದಿದ್ದ ರೋಗಿಗಳ ಚೀಟಿಗಳ ಒಂದು ಕಟ್ಟನ್ನು ಬ್ಯಾಗಿನಿಂದ ತೆಗೆದು, ಹೆಸರುಗಳನ್ನು ಬೆರಳಿಂದ ಮುಚ್ಚಿಕೊಂಡು, ಆ ಚೌಕದಲ್ಲಿ ತಾವು ಏನೇನು ಬರೆಯುತ್ತಾರೆ ಅಂತ ಓದಿದರು. "ಎಡಗಿವಿ ಕೇಳ್ಸಲ್ಲ, ಬಲಗಡೆ ನಿಂತು ಹೇಳಿ. ಓದೋಕೆ ಬರಲ್ಲ, ಮಾತ್ರೆ ಬಣ್ಣ ಹೇಳಿ. ಗಂಡ ಹೋಗಿ ತಿಂಗಳಾಗಿದೆ, ಗಂಡನ ಹೆಸರು ಕೇಳ್ಬೇಡಿ." ಕೊನೆಯದನ್ನು ಓದುವಾಗ ಅವರ ದನಿ ಸ್ವಲ್ಪ ತಗ್ಗಿತು. "ನಮ್ ಡಾಕ್ಟ್ರು ಮೊದಲು ನೋಡೋದೇ ಇದನ್ನ" ಅಂದರು. ವಿಮಾನಕ್ಕೂ ದೀಪಕ್ಕೂ ಬಾಯಿ ತೆರೆದವನು ನಾನು, ಇಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ನಾನು ಕಟ್ಟಿದ ಮನೆಯಲ್ಲಿ ಇಷ್ಟು ವರ್ಷ ಯಾರೋ ದೀಪ ಹಚ್ಚಿಕೊಂಡು ಬಾಳುತ್ತಿದ್ದರು; ನಾನು ಒಮ್ಮೆಯೂ ಬಾಗಿಲು ತಟ್ಟಿ ನೋಡಿರಲಿಲ್ಲ.

ಪ್ರಶ್ನೆಗಳ ಸಮಯದಲ್ಲಿ ಬೆಳಗಿನ ಟೀ ಶರ್ಟಿನ ಯುವಕ ಕೈ ಎತ್ತಿದ. "ಸಾರ್, ಆ 'ಇತರೆ' ಬಾಕ್ಸ್ ಅದ್ಭುತ. ಅದರ ಹಿಂದಿನ ಯೋಚನೆ ಏನು?" ಅಂದ. ದೊಡ್ಡದೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪಕ್ಕದಲ್ಲಿ ಜಯಮ್ಮನವರಿದ್ದರು. "ಪುಟದ ಕೆಳಗೆ ಜಾಗ ಉಳ್ಕೊಂಡಿತ್ತು. ಅವತ್ತು ನನಗೆ ಬೇರೇನೂ ಹೊಳೀಲಿಲ್ಲ" ಅಂದೆ. ಅವನು ಅದನ್ನೂ ಶ್ರದ್ಧೆಯಿಂದ ಬರೆದುಕೊಂಡ. ಬಾಸ್ ಬಂದು ನನ್ನ ಕೈ ಕುಲುಕಿ, "ಟೀಮ್ ಇರತ್ತೆ ಬಿಡಿ, ಸದ್ಯಕ್ಕೆ" ಅಂದರು.

ಮರುವಾರ ನಾನೇ ಶಿವಾಜಿನಗರಕ್ಕೆ ಹೋದೆ, ಜಯಮ್ಮನವರ ಪಕ್ಕದಲ್ಲಿ ಒಂದು ದಿನ ಕೂತು ಕಲಿಯೋಣ ಅಂತ. ಮಧ್ಯಾಹ್ನ ಅವರು, "ಸ್ವಲ್ಪ ನೋಡ್ಕೊಳ್ಳಿ ಸಾರ್, ಎರಡು ತುತ್ತು ತಿಂದ್ಕೊಂಡು ಬರ್ತೀನಿ" ಅಂತ ಡಬ್ಬಿ ಹಿಡಿದು ಒಳಗೆ ಹೋದರು. ನಾನು ಗತ್ತಿನಿಂದ ಅವರ ಕುರ್ಚಿಯಲ್ಲಿ ಕೂತೆ. ಸಾಲಿನ ಮೊದಲಲ್ಲಿದ್ದದ್ದು ರಸೆಲ್ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಅಜ್ಜಿ. ಅವರ ಹೆಸರನ್ನು ಎರಡು ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದೆ, ಅಳಿಸಿದೆ, ಮತ್ತೆ ಒತ್ತಿದೆ. ಹಿಂದಿನವರು ಇಣುಕತೊಡಗಿದರು. ಅಜ್ಜಿ ಕೌಂಟರಿನ ಮೇಲೆ ಮೊಣಕೈ ಊರಿ ನನ್ನನ್ನೇ ಕನಿಕರದಿಂದ ನೋಡಿದರು.

"ಹೊಸ್ದಾಗಿ ಸೇರ್ಕೊಂಡ್ಯಾ ತಂಬಿ?" ಅಂದರು. "ಭಯ ಬೀಳ್ಬೇಡ, ನಿಧಾನವಾಗಿ ಕಲ್ಕೋ. ಈ ಕಂಪ್ಯೂಟ್ರು ಯಾರು ಮಾಡಿದ್ನೋ ಏನೋ, ಎಲ್ರಿಗೂ ಅರ್ಥ ಆಗೋ ಹಂಗೆ ಮಾಡಿಲ್ಲ."

"ಹೂಂ ಅಜ್ಜಿ" ಅಂದೆ. ಮುಂದಿನ ಅಕ್ಷರ ಹುಡುಕತೊಡಗಿದೆ.