ಮಸ್ಕತ್‌ಗೆ ಹೊರಟ ಖಡಕ್ ರೊಟ್ಟಿ

ರೊಟ್ಟಿಯನ್ನು ಸಮುದ್ರ ದಾಟಿಸುವ ಕೆಲಸಕ್ಕೆ ಕೈ ಹಾಕಿದ ಮೇಲೆ ನನಗೆ ಒಂದು ವಾರವೂ ನೆಟ್ಟಗೆ ಕಳೆದಿಲ್ಲ. ಏನಾದರೊಂದು ಆಗುತ್ತೆ, ಆದದ್ದನ್ನು ಯಾರಿಗಾದರೂ ಹೇಳುವ ತನಕ ನನಗೆ ಊಟ ಸೇರಲ್ಲ.

ಹಡಗಿನ ಸರಕು ಸಾಗಿಸೋ ಕಂಪನಿಗಳಲ್ಲಿ ದುಡಿಯುತ್ತಾ ಸಿಂಗಾಪುರ, ದುಬೈ, ಮೊಂಬಾಸಾ ಅಂತ ಸುತ್ತಿದವಳು ನಾನು. ವಾಪಸ್ ಬಂದು ಬಸವೇಶ್ವರನಗರದಲ್ಲಿ ಮನೆ ಮಾಡಿದಾಗ, ಇನ್ನು ಇವಳು ಬಾಲ್ಕನಿಯಲ್ಲಿ ಕರಿಬೇವು ಬೆಳೆಸ್ಕೊಂಡು ತೆಪ್ಪಗಿರ್ತಾಳೆ ಅಂತ ನೆಂಟರೆಲ್ಲ ನಿರಾಳವಾದರು. ನಾನು ಕಾಮಾಕ್ಷಿಪಾಳ್ಯದಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದೆ. ವಿಜಯಪುರ, ಬಾಗಲಕೋಟೆ ಕಡೆಯ ಹೆಂಗಸರು ಅಲ್ಲಿ ಕೂತು ಜೋಳದ ರೊಟ್ಟಿ ಬಡೀತಾರೆ, ಒಣಗಿಸಿ ಖಡಕ್ ಮಾಡ್ತಾರೆ. ನಾನು ಒಮಾನ್‌ಗೆ ಕಳಿಸ್ತೀನಿ. ಆ ದೇಶದಿಂದ ಎಣ್ಣೆ ಬರುತ್ತೆ, ನಮ್ಮ ಶೆಡ್ಡಿಂದ ರೊಟ್ಟಿ ಹೋಗುತ್ತೆ. ಕೊಳ್ಳುವವರು ಮಸ್ಕತ್‌ನ ಒಬ್ಬರೇ ಒಬ್ಬರು ವ್ಯಾಪಾರಿ. ಅವರು ಕೈಬಿಟ್ಟರೆ ಶೆಡ್ಡಿಗೆ ಬೀಗ, ಹೆಂಗಸರು ಮತ್ತೆ ಕಂಡವರ ಮನೆ ಪಾತ್ರೆಗೆ.

೧. ಯಾವ ಜಾತಿಯ ತಿಂಡಿ

ಮೊದಲ ಸಲ ಸರಕು ಕಳಿಸುವಾಗ ಕಸ್ಟಮ್ಸ್ ಕಚೇರಿಯಲ್ಲಿ ಅಧಿಕಾರಿಯೊಬ್ಬರು ಕಂಪ್ಯೂಟರಿನಲ್ಲಿ ರೊಟ್ಟಿಯನ್ನು ಯಾವ ಪಟ್ಟಿಗೆ ಸೇರಿಸಬೇಕು ಅಂತ ತಿಳಿಯದೆ ಒದ್ದಾಡಿದರು.

"ಇದು ಬ್ರೆಡ್ಡಾ?"

"ಅಲ್ಲ ಸಾರ್."

"ಬಿಸ್ಕತ್ತಾ?"

"ಅಲ್ಲ."

"ಹಪ್ಪಳ ಅಂತ ಹಾಕ್ಬಿಡ್ಲಾ ಮೇಡಂ? ಬೇಗ ಮುಗಿಯುತ್ತೆ."

ಹಪ್ಪಳ ಅನ್ನಿಸ್ಕೊಂಡು ನಮ್ಮ ರೊಟ್ಟಿ ವಿದೇಶಕ್ಕೆ ಹೋಗೋದಿಲ್ಲ ಅಂದೆ. ಹಾಗಾದ್ರೆ ಅದೇನು ಅಂತ ನೀವೇ ತೋರಿಸಿ ಅಂದರು. ಬ್ಯಾಗಿಂದ ಒಂದು ರೊಟ್ಟಿ ತೆಗೆದು ಮೇಜಿನ ಮೇಲಿಟ್ಟೆ. ಅವರು ಅಂಚು ಮುರಿದು ಬಾಯಿಗೆ ಹಾಕ್ಕೊಂಡರು. ಪಕ್ಕದ ಮೇಜಿನವರು ಬಂದರು, ಅವರ ಪಕ್ಕದವರೂ ಬಂದರು. ಎಲ್ಲರೂ ಗಂಭೀರವಾಗಿ ಅಗಿದರು. ರೊಟ್ಟಿ ಮುಗಿದ ಮೇಲೆ ಅಧಿಕಾರಿ ಕೈ ಒರೆಸಿಕೊಂಡು ತೀರ್ಪು ಕೊಟ್ಟರು:

"ಇದು ಊಟ, ಮೇಡಂ. ಚಟ್ನಿಪುಡಿ ತರದೆ ನೀವು ದಾಖಲೆ ಅಪೂರ್ಣ ಮಾಡಿದೀರಿ."

೨. ಬುತ್ತಿ ಕಟ್ಟಿದ ಹಾಗೆ

ಆ ಮೊದಲ ಸರಕು ಮಸ್ಕತ್ ತಲುಪುವ ಹೊತ್ತಿಗೆ ಪೆಟ್ಟಿಗೆಯಲ್ಲಿ ರೊಟ್ಟಿ ಇರಲಿಲ್ಲ, ರೊಟ್ಟಿಯ ಚೂರಿತ್ತು. ವ್ಯಾಪಾರಿ ಫೋನ್ ಮಾಡಿ ಹಿಂದಿಯಲ್ಲಿ ಚೆನ್ನಾಗಿ ಬೈದರು. ಅವರು ಹಿಂದಿ ಸೊಗಸಾಗಿ ಮಾತಾಡ್ತಾರೆ, ಬೈಗುಳವೂ ಅಷ್ಟೇ ಸೊಗಸು. ನಾನು ಮುಖ ಇಳಿಸ್ಕೊಂಡು ಶೆಡ್ಡಿಗೆ ಬಂದು ವಿಷಯ ಹೇಳಿದೆ. ಅಲ್ಲಿ ಎಲ್ಲರಿಗಿಂತ ದೊಡ್ಡವರು, ನಾವೆಲ್ಲ ಹಿರಿಯಕ್ಕ ಅಂತ ಕರೆಯೋರು, ತಟ್ಟುತ್ತಿದ್ದ ರೊಟ್ಟಿಯಿಂದ ತಲೆ ಎತ್ತಲೇ ಇಲ್ಲ.

"ಮುರದ್ರ ಏನಾತ್ರೀ ಮೇಡಮ್ಮಾರ? ಅವರೇನು ಇಡೀದು ನುಂಗವ್ರಿದ್ರೇನು?"

ಆದರೂ ಮುಂದಿನ ಸಲ ಪ್ಯಾಕಿಂಗ್ ಜವಾಬ್ದಾರಿ ತಾವೇ ವಹಿಸ್ಕೊಂಡರು. ನಾನು ಊರಲ್ಲಿರಲಿಲ್ಲ. ಪೆಟ್ಟಿಗೆಗಳು ಹೋದವು. ಈ ಸಲ ವ್ಯಾಪಾರಿಯ ಫೋನ್ ಬಂದದ್ದು ಮಸ್ಕತ್ ಬಂದರಿನಿಂದಲೇ.

"ಮೇಡಂ, ಒಂದು ರೊಟ್ಟಿಯೂ ಮುರಿದಿಲ್ಲ. ಆದರೆ ಆಹಾರ ಅಂತ ಬರೆದು ಬಟ್ಟೆ ಯಾಕೆ ಕಳಿಸಿದೀರಿ ಅಂತ ಇಲ್ಲಿ ಕೇಳ್ತಿದಾರೆ."

ಊರಿಗೆ ಹೊರಟವರಿಗೆ ಬುತ್ತಿ ಕಟ್ಟುವ ಹಾಗೆ ಹೆಂಗಸರು ರೊಟ್ಟಿಗಳನ್ನು ಒಗೆದ ಹಳೇ ಸೀರೆಯಲ್ಲಿ ಸುತ್ತಿ, ಗಂಟು ಹಾಕಿ ಕಳಿಸಿದ್ದರು. ಬಂದರಿನವರು ಸೀರೆ ಬಿಡಿಸ್ತಾ ಹೋದ್ರಂತೆ, ಅದು ಮುಗೀತಾನೇ ಇಲ್ಲವಂತೆ. ನಾನು ತಪ್ಪೊಪ್ಪಿಗೆ ಪತ್ರ ಬರೆಯೋಕೆ ಕೂತೆ. ಹಿರಿಯಕ್ಕ ಬಂದು ಪಕ್ಕದಲ್ಲಿ ನಿಂತರು.

"ತಪ್ಪಾತು ಅಂತ ಬರಿಬ್ಯಾಡ್ರಿ. ಸೀರಿ ವಾಪಸ್ ಕಳಸ್ರಿ ಅಂತ ಬರೀರಿ. ಹಸರು ದಡೀದು ನನ್ನ ಲಗ್ನದ್ದೈತಿ."

೩. ಪೆಟ್ರೋಲಿನ ನೆಂಟಸ್ತನ

ಹಾವನೂರು ಸರ್ಕಲ್‌ನಲ್ಲಿ ಆಟೋ ಹತ್ತಿದೆ. ದಾರಿಯಲ್ಲಿ ಫೋನಿನಲ್ಲಿ ಮಸ್ಕತ್ ಜೊತೆ ಮಾತಾಡಿದ್ದು ಡ್ರೈವರ್ ಕಿವಿಗೆ ಬಿತ್ತು.

"ಆಂಟಿ, ಗಲ್ಫ್ ಕಡೆ ಬಿಸಿನೆಸ್ಸಾ?"

"ಹೂಂ. ರೊಟ್ಟಿ ಕಳಿಸ್ತೀನಿ."

"ಅವರ ಹತ್ರ ಪೆಟ್ರೋಲ್ ಇದೆ, ನಮ್ಮ ಹತ್ರ ರೊಟ್ಟಿ ಇದೆ. ಸಮಸಮ. ಒಂದು ಮಾತು ಹೇಳ್ಬಾರ್ದಾ ಅವರಿಗೆ, ಸ್ವಲ್ಪ ನೋಡ್ಕೊಂಡು ಕೊಡಿ ಅಂತ?"

"ನನ್ನ ಮಾತು ಅಲ್ಲಿ ಅಷ್ಟೆಲ್ಲ ನಡೆಯಲ್ಲಪ್ಪ."

"ಅದೇನು ಹಾಗಂತೀರ. ಉಪ್ಪು ತಿಂದಿರಲ್ವಾ ಅವರು?"

ಖಡಕ್ ರೊಟ್ಟಿಗೆ ಉಪ್ಪು ಹಾಕಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಶೆಡ್ ಬಂತು, ಇಳಿದೆ. ಮೀಟರಿಗಿಂತ ಇಪ್ಪತ್ತು ರೂಪಾಯಿ ಜಾಸ್ತಿ ಕೇಳಿದ.

"ಯಾಕಪ್ಪ?"

"ನಿಮ್ಮ ಕಡೆಯೋರು ರೇಟ್ ಏರಿಸ್ತಾನೇ ಇದಾರಲ್ಲ ಆಂಟಿ. ನಾನು ಇನ್ಯಾರನ್ನ ಕೇಳ್ಲಿ?"

೪. ಅಕ್ಕಪಕ್ಕದ ತಟ್ಟೆ

ಆಮೇಲೆ ನಾನೇ ಮಸ್ಕತ್‌ಗೆ ಹೋದೆ. ವ್ಯಾಪಾರಿ ಮನೆಗೆ ಊಟಕ್ಕೆ ಕರೆದರು. ಅವರ ತಾಯಿ, ಎಂಬತ್ತರ ಆಸುಪಾಸಿನವರು, ನನ್ನ ರೊಟ್ಟಿಯ ಪಕ್ಕಕ್ಕೆ ತಮ್ಮ ಮನೆಯ ರೊಟ್ಟಿ ತಂದಿಟ್ಟರು. ಕಾಗದದಷ್ಟು ತೆಳು, ಮುಟ್ಟಿದರೆ ಪುಡಿ. ಎರಡನ್ನೂ ಮುರಿದು ತಿಂದು ಅರಬ್ಬಿಯಲ್ಲಿ ಏನೋ ಹೇಳಿದರು.

ಮಗ ಅನುವಾದಿಸಿದರು: "ಎರಡೂ ಒಂದೇ ಮನೆತನದ್ದು. ನಿಮ್ಮದು ಸ್ವಲ್ಪ ದಪ್ಪ, ಅಂತಾರೆ."

ಹಾಗಂದಾಗ ಆ ತಾಯಿ ರೊಟ್ಟಿಯನ್ನು ನೋಡ್ತಿರಲಿಲ್ಲ, ನನ್ನನ್ನು ನೋಡ್ತಿದ್ದರು.

"ಚೆನ್ನಾಗಿ ಉಂಡು ಬೆಳೆದ ಮನೆತನ ಅಂತ ಹೇಳಿ," ಅಂದೆ.

ಅವರು ನಕ್ಕು ನನ್ನ ತಟ್ಟೆಗೆ ಇನ್ನೊಂದು ದೊಡ್ಡ ಮೀನು ಹಾಕಿಸಿದರು. ಲಿಂಗಾಯತರ ಮನೆ ಹೆಣ್ಣಿಗೆ ಅಷ್ಟು ಹೊತ್ತು ಮೊದಲನೇ ಮೀನನ್ನು ಸೊಪ್ಪಿನ ಕೆಳಗೆ ಮುಚ್ಚಿಟ್ಟುಕೊಂಡು ಕೂತದ್ದೇ ಸಾಹಸವಾಗಿತ್ತು.

೫. ಮಷಿನ್ ಪ್ರತಿಷ್ಠೆ

ಆ ಊಟದಲ್ಲೇ ವ್ಯಾಪಾರಿಯ ತಲೆಗೆ ಹುಳ ಹೊಕ್ಕಿತು. ದಪ್ಪ, ತೆಳು, ದೊಡ್ಡದು, ಚಿಕ್ಕದು, ಇದೆಲ್ಲ ಯಾಕೆ? ಮುಂದಿನ ವರ್ಷದ ಆರ್ಡರ್ ಬೇಕಾದರೆ ಎಲ್ಲ ರೊಟ್ಟಿಯೂ ಒಂದೇ ಅಳತೆ ಇರಬೇಕು, ಮಷಿನ್‌ನಲ್ಲೇ ಆಗಬೇಕು ಅಂದರು. ಅಂದದ್ದಷ್ಟೇ ಅಲ್ಲ, ಮಷಿನ್ನನ್ನೂ ತಾವೇ ಕೊಡಿಸಿದರು. ಎರಡು ದೇಶಗಳ ವ್ಯಾಪಾರ ಎಷ್ಟು ದೊಡ್ಡದು ನೋಡಿ: ಹಣ ಮಸ್ಕತ್ತಿಂದ ಬಂತು, ಮಷಿನ್ ನಮ್ಮ ಶೆಡ್ಡಿನ ಹಿಂದಿನ ಬೀದಿಯಿಂದ ಬಂತು.

ಅದನ್ನು ನಡೆಸೋಕೆ ಇಬ್ಬರು ಸಾಕು. ಉಳಿದವರು ಮನೆಗೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮಷಿನ್ ಕೂರಿಸಲು ಬಂದವನು ಗುಂಡಿ ಒತ್ತಿ ಒಂದು ರೊಟ್ಟಿ ತೆಗೆದು ತೋರಿಸಿದ. ಹಿರಿಯಕ್ಕ ಅದನ್ನು ತಿರುವಿ ಮುರುವಿ ನೋಡಿದರು.

"ಚಂದ ಐತಿ. ಇದರ ಮ್ಯಾಲ ಲಗ್ನಪತ್ರಿಕಿ ಅಚ್ಚು ಹಾಕಸಬಹುದು."

ಆದರೆ ಜಗಳ ಮಾಡಲಿಲ್ಲ. ಹೊಸ ಮಷಿನ್ನು, ಪೂಜೆ ಮಾಡದೆ ಹೇಗೆ ಚಾಲೂ ಮಾಡೋದು ಅಂದರು, ಅಷ್ಟೇ. ಮಷಿನ್ ಮೈ ತೊಳೆದರು. ಮೂರು ಪಟ್ಟೆ ವಿಭೂತಿ, ಕುಂಕುಮ, ವಿಜಯನಗರ ಮಾರ್ಕೆಟ್ಟಿಂದ ಚೆಂಡು ಹೂವಿನ ಹಾರ. ಕಾಯಿ ಒಡೆದರು. ಮರುದಿನ ಹೋದರೆ ಹೊಸ ಹಾರ. ಅದರ ಮರುದಿನ ಒಂದು ದೀಪವೂ ಬಂದಿತ್ತು.

"ಅಕ್ಕಾ, ಚಾಲೂ ಯಾವಾಗ?"

"ಇವತ್ತ ಸೋಮವಾರ್ರಿ. ಬಸವಣ್ಣನ ವಾರ ಎತ್ತಿನ ಹೆಗಲಿಗೂ ನೊಗ ಇಡಂಗಿಲ್ಲ."

ಮಂಗಳವಾರ ಹೊಸದು ಶುರು ಮಾಡಬಾರದಂತೆ. ಆಮೇಲೆ ಅಮಾವಾಸ್ಯೆ. ಅಷ್ಟರಲ್ಲಿ ಮಷಿನ್ ಸುತ್ತ ಚಪ್ಪಲಿ ಹಾಕಿಕೊಂಡು ಓಡಾಡೋದೂ ನಿಂತಿತು. ಇವರು ಏನು ಮಾಡ್ತಿದಾರೆ ಅಂತ ನನಗೆ ಅರ್ಥವಾಗದೆ ಇರಲಿಲ್ಲ. ಮೊಂಬಾಸಾ ಬಂದರಿನಲ್ಲಿ ಮುಷ್ಕರಗಳನ್ನು ಕಂಡವಳು ನಾನು. ಇಷ್ಟು ಹೂ ಮುಡಿದ ಮುಷ್ಕರ ಎಲ್ಲೂ ಕಂಡಿರಲಿಲ್ಲ. ನಾನೂ ಸುಮ್ಮನೆ ಒಂದು ಊದಿನಕಡ್ಡಿ ಹಚ್ಚಿಟ್ಟೆ.

ಮಷಿನ್ ಓಡೋದನ್ನು ಕಣ್ಣಾರೆ ನೋಡ್ತೀನಿ ಅಂತ ವ್ಯಾಪಾರಿ ವಿಮಾನ ಹತ್ತಿ ಬಂದೇಬಿಟ್ಟರು. ಬಾಗಿಲಲ್ಲಿ ಸಾಲಾಗಿ ಚಪ್ಪಲಿ ಕಂಡು ತಮ್ಮದನ್ನೂ ಬಿಟ್ಟು ಒಳಗೆ ಬಂದರು. ಒಂದು ಕಡೆ ಹೆಂಗಸರು ರೊಟ್ಟಿ ಬಡೀತಿದಾರೆ. ಇನ್ನೊಂದು ಕಡೆ ಹಾರ ಹಾಕಿಕೊಂಡು, ದೀಪದ ಬೆಳಕಿನಲ್ಲಿ, ಅವರ ಮಷಿನ್ನು.

"ಇದು ಯಾವಾಗ ಓಡುತ್ತೆ?" ಅಂತ ಮೆಲ್ಲಗೆ ಕೇಳಿದರು. ಆ ಜಾಗದಲ್ಲಿ ಗಟ್ಟಿಯಾಗಿ ಮಾತಾಡೋಕೆ ಅವರಿಗೇ ಧೈರ್ಯ ಬರಲಿಲ್ಲ.

ನಾನು ಹಿರಿಯಕ್ಕನ ಮುಖ ನೋಡಿದೆ.

"ಕೇಳ್ರಿ ಸಾವ್ಕಾರ್ರನ್ನ. ಪೂಜಿಗೊಂಡಿದ್ದನ್ನ ಕೂಲಿಗೆ ಹಚ್ಚೋ ಪದ್ಧತಿ ಅವರ ಊರಾಗ ಐತೇನು?"

ನಾನು ಒಂದಕ್ಷರ ಬಿಡದೆ ಹಿಂದಿಗೆ ತಿರುಗಿಸಿದೆ. ಅವರು ಒಮ್ಮೆ ಹಾರದ ಕಡೆ, ಒಮ್ಮೆ ದೀಪದ ಕಡೆ ನೋಡಿದರು. ಅಷ್ಟರಲ್ಲಿ ಅವರ ಮುಂದೆ ತಟ್ಟೆ ಬಂದಿತ್ತು: ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಬೆಣ್ಣೆ. ಒಂದು ಮುಗಿಯೋ ಮೊದಲೇ ಇನ್ನೊಂದು ಬೀಳ್ತಿತ್ತು. ಒಂದರ ಅಳತೆ ಇನ್ನೊಂದಕ್ಕಿರಲಿಲ್ಲ. ಅವರೂ ಅಳೆಯೋ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ ಕೈ ತೊಳೆದು, ಕೈರೊಟ್ಟಿಯೇ ಇರಲಿ, ಮುಂದಿನ ವರ್ಷಕ್ಕೂ ಇಷ್ಟೇ ಕಳಿಸಿ ಅಂದರು. ರೊಟ್ಟಿ ಬಡಿಯೋ ಸದ್ದು ಒಂದು ಗಳಿಗೆ ನಿಂತು ಜೋರಾಗಿ ಶುರುವಾಯಿತು.

ಎದ್ದು ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು. ಎಷ್ಟೆಂದರೂ ವ್ಯಾಪಾರಿ.

"ಮೇಡಂ, ಸುಮ್ಮನೆ ಇಲ್ಲಿ ಇಟ್ಟು ಏನು ಮಾಡ್ತೀರಿ? ಮಷಿನ್ನನ್ನ ಮಸ್ಕತ್‌ಗೆ ಕಳಿಸಿಬಿಡಿ, ನಮ್ಮ ಮನೇಲಿಟ್ಕೊಂಡು ರೊಟ್ಟಿ ಮಾಡಿಸ್ತೀನಿ."

ಹಿರಿಯಕ್ಕನಿಗೆ ಹೇಳಿದೆ.

"ಧಾರಾಳ ಒಯ್ಯಲಿ," ಅಂದರು ಹಿರಿಯಕ್ಕ, ಹಿಟ್ಟಿನ ಕೈ ಕೊಡವುತ್ತಾ. "ಆದ್ರ ದಿನಾ ಹೂವ ತಪ್ಪಸಬಾರದು. ಸೋಮವಾರ ಮುಟ್ಟಬಾರದು. ಮತ್ತ ಅದು ಇರೋ ಮನಿಯಾಗ ಯಾರೂ ಮೀನ ತಿನ್ನಬಾರದು."

ನಾನು ಅನುವಾದ ಮುಗಿಸುವಷ್ಟರಲ್ಲಿ ಸಾವ್ಕಾರರು ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದಾಗಿತ್ತು.

"ಇಲ್ಲೇ ಇರಲಿ ಮೇಡಂ," ಅಂದರು. "ನೀವೆಲ್ಲ ಚೆನ್ನಾಗಿ ನೋಡ್ಕೊಳ್ತಿದೀರಿ."